ಇಪ್ಪತ್ತು ಚೌಕದ ಕೌದಿ

ಸವಳು ಮಣ್ಣಿನ ನೀರಲ್ಲಿ ಕುದಿಸಿದ ಹಳೆಯ ಸೀರೆ, ಬಿಸಿಲಿಗೆ ಕಾದ ಬಂಡೆಯ ಮೇಲೆ ಒಣಗುವಾಗ ಒಂದು ವಾಸನೆ ಬರುತ್ತದೆ. ಸಾಬೂನಿನದಲ್ಲ, ಬರೀ ಮಣ್ಣಿನದೂ ಅಲ್ಲ. ಎರಡೂ ಕೂಡಿ, ಮೇಲೆ ಇಷ್ಟು ಸೌದೆ ಒಲೆಯ ಹೊಗೆ ಸೇರಿದಂಥದು. ಹಳಿಯಾಳದ ಕಡೆಯ ಹಳ್ಳಿಯಲ್ಲಿ ಶಂಕ್ರವ್ವನ ಅವ್ವ ಕೌದಿ ಹೊಲಿಯಲು ಕೂರುವ ಮುಂಚೆ ಮನೆಯ ಹಳೆ ಬಟ್ಟೆಗಳನ್ನೆಲ್ಲ ಹೀಗೆ ಕುದಿಸಿ ಹಳ್ಳದ ದಂಡೆಗೆ ಹರವುತ್ತಿದ್ದಳು. ಆರು ವರ್ಷದ ಶಂಕ್ರವ್ವ ಆ ಸೀರೆಗಳ ಕೆಳಗೆ ತೂರಿ, ಮೂಗಿನ ತನಕ ಬಟ್ಟೆ ಎಳೆದುಕೊಂಡು, ಅಲ್ಲಿಯೇ ನಿದ್ದೆ ಹೋಗುತ್ತಿದ್ದಳು.

ಈಗ ಅವಳಿಗೆ ಅರವತ್ತೊಂಬತ್ತು. ದಾಂಡೇಲಿಯ ಅಂಬೇವಾಡಿಯಲ್ಲಿ ಮಗ ಕಟ್ಟಿಸಿದ ಮನೆ. ಕೋಣೆಯ ಮೂಲೆಯ ಟ್ರಂಕಿನ ಮುಚ್ಚಳ ಎತ್ತಿದ್ದೇ ತಡ, ಆ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಹತ್ತಿತು. ಒಳಗೆ ಮೂರು ಹಳೆ ಇಳಕಲ್ ಸೀರೆ, ಗಂಡನ ಎರಡು ಧೋತರ, ಕುಬಸದ ತುಣುಕುಗಳ ಒಂದು ಗಂಟು. ಎಲ್ಲವನ್ನೂ ಒಂದೊಂದಾಗಿ ಹಾಸಿಗೆಯ ಮೇಲೆ ಹಾಕಿ, ಎದುರಿಗೆ ಕುರ್ಚಿ ಎಳೆದುಕೊಂಡು, ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನೋಡುತ್ತ ಕೂತಳು.

ಮೊಮ್ಮಗಳು ಸಹನಾ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬಿತ್ತು. ಆ ಮನೆತನದಲ್ಲಿ ಹುಟ್ಟಿದ ಕೂಸು ಮೊದಲ ಸಲ ತೊಟ್ಟಿಲಿಗೆ ಹೋಗುವಾಗ ಕೆಳಗೆ ಹಾಸುವುದು ಮನೆಯ ಹೆಂಗಸರ ಹಳೆ ಸೀರೆಯ ಕೌದಿಯೇ. ಸಹನಾಳಿಗೂ ಹಾಗೆಯೇ ಆಗಿತ್ತು, ಅವಳ ಅಪ್ಪನಿಗೂ. ಆದರೆ ಎರಡು ವರ್ಷದ ಹಿಂದೆ ಶಂಕ್ರವ್ವನ ಮೊಣಕಾಲಿನ ಆಪರೇಶನ್ ಆಗಿ, ಇನ್ನು ಮೇಲೆ ನೆಲಕ್ಕೆ ಕೂರಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಕೌದಿ ನೆಲದ ಕೆಲಸ. ಸೀರೆಯನ್ನು ಪೂರ್ತಿ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಅದರ ಮೇಲೆಯೇ ಕೂತು ತೇಪೆ ಹಚ್ಚುತ್ತ, ಹೊಲಿಗೆ ಸರಿದಂತೆ ತಾನೂ ಸರಿಯಬೇಕು. ಕುರ್ಚಿಯ ಮೇಲೆ ಕೂತವರಿಗೆ ಅದು ಒಗ್ಗುವುದಲ್ಲ.

"ಅತ್ತೀ, ಅದನ್ಯಾಕ ಹಚ್ಕೊಂಡ ಕುಂತೀರಿ?" ಸೊಸೆ ಸುನಂದಾ ಬಾಗಿಲಲ್ಲಿ ನಿಂತು ಕೇಳಿದಳು. "ಹುಬ್ಬಳ್ಳಿಯೊಳಗ ಕೂಸಿನ ಗಾದಿ ಎಷ್ಟ ಚಂದ ಬಂದಾವ. ಆನಿ, ಮೊಲ, ಎಲ್ಲಾ ಚಿತ್ರ ಇರ್ತಾವ. ಒಂದ ತಂದ್ರ ಮುಗೀತು. ಮತ್ತ ಮೊಣಕಾಲ ಬ್ಯಾನಿ ಶುರು ಆದ್ರ ಯಾರ ನೋಡಾವ್ರು?"

ಸುನಂದಾ ಕೆಟ್ಟವಳಲ್ಲ. ಆಪರೇಶನ್ ಆದಾಗ ಆರು ವಾರ ಅತ್ತೆಯನ್ನು ಎತ್ತಿ ಇಳಿಸಿದವಳು ಅವಳೇ. ಹಾಗಾಗಿಯೇ ಶಂಕ್ರವ್ವ ಬಟ್ಟೆಗಳನ್ನು ಮಡಚಿದಳು. ಆದರೆ ಟ್ರಂಕಿಗೆ ಹಾಕಲಿಲ್ಲ.

ಕೌದಿ ಎಂದರೆ ಅವಳಿಗೆ ಇನ್ನೊಂದು ಹೆಸರೂ ನೆನಪಾಗುತ್ತಿತ್ತು: ಕಾಶೆವ್ವ. ಇಬ್ಬರ ಗಂಡಂದಿರೂ ಕಾಗದದ ಮಿಲ್ಲಿನಲ್ಲಿ ಒಂದೇ ಪಾಳಿ. ಮೂವತ್ತು ವರ್ಷ ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ಬಾಳಿದವರು. ಸೀರೆ ಹಾಸಿದರೆ ಈ ಮೂಲೆಗೆ ಇವಳು, ಆ ಮೂಲೆಗೆ ಅವಳು. ಓಣಿಯ ಎಷ್ಟು ಮಕ್ಕಳು ಅವರಿಬ್ಬರ ಕೌದಿಯ ಮೇಲೆ ಬೆಳೆದರೋ ಲೆಕ್ಕವಿಲ್ಲ. ಎಂಟು ವರ್ಷದ ಹಿಂದೆ ಕಾಶೆವ್ವ ಮಗ ಲೋಕೇಶನ ಜೊತೆ ಮುಂಡಗೋಡಿಗೆ ಹೋದಳು. ಅವನು ಟಿಬೆಟನ್ ಕಾಲೊನಿಯ ಗೋವಿನಜೋಳ ಕೊಂಡು ಮಾರುವ ವ್ಯಾಪಾರ ಹಿಡಿದಿದ್ದ. ಅಂದಿನಿಂದ ಇಬ್ಬರ ನಡುವೆ ಫೋನು ಮಾತ್ರ. ಮತ್ತೆ ಒಂದು ಕೌದಿಯನ್ನಾದರೂ ಇಬ್ಬರೂ ಕೂಡಿ ಹೊಲಿಯಬೇಕು ಎನ್ನುವುದು ಶಂಕ್ರವ್ವನ ಮನಸ್ಸಿನಲ್ಲಿ ಉಳಿದ ಒಂದೇ ಆಸೆ. ಮೊಣಕಾಲು ಕೈಕೊಟ್ಟ ಮೇಲೆ ಅದನ್ನು ಬಾಯಿಬಿಟ್ಟು ಹೇಳುವುದನ್ನೂ ಬಿಟ್ಟಿದ್ದಳು.

ದಾರಿ ತೋರಿಸಿದವಳು ಸಹನಾ. ಹೊಟ್ಟೆ ಹೊತ್ತುಕೊಂಡು ಸೋಫಾದಲ್ಲಿ ಒರಗಿ ಫೋನು ನೋಡುತ್ತಿದ್ದವಳು ಒಮ್ಮೆಲೇ ಎದ್ದು ಬಂದಳು.

"ಆಯಿ, ಇಲ್ನೋಡು. ಇವರು ಕೌದಿ ಪೂರಾ ಹಾಸೂದ ಇಲ್ಲ. ಒಂದೊಂದ ಚೌಕ ಹೊಲೀತಾರ. ಕೆಳಗಿನ ಬಟ್ಟಿ, ನಡುವಿಂದು, ಮ್ಯಾಲಿನ ತ್ಯಾಪಿ, ಎಲ್ಲಾ ಒಂದ ಚೌಕದಾಗ ಹೊಲದು ಮುಗಿಸಿಬಿಡ್ತಾರ. ಆಮ್ಯಾಲ ಮುಗದ ಚೌಕಗಳನ್ನ ಜೋಡಸ್ತಾರ. ತೊಡಿ ಮ್ಯಾಲ ಇಟ್ಕೊಂಡ ಹೊಲೀಬಹುದು ನೋಡು."

ಶಂಕ್ರವ್ವ ಕನ್ನಡಕ ಏರಿಸಿ ನೋಡಿದಳು. ಎರಡು ಸಲ ನೋಡಿದಳು. "ಇದ ಕೌದಿ ಅಲ್ಲವಾ, ರೊಟ್ಟಿ. ಒಂದೊಂದ ಬೇಸಿ ಬುಟ್ಟಿಗಿ ಒಗದಂಗ."

"ರೊಟ್ಟಿ ಒಂದೊಂದ ಬೇಸಿದ್ರ ಹೊಟ್ಟಿ ತುಂಬೂದಿಲ್ಲೇನ ಮತ್ತ?"

ಮರುದಿನ ಮುಂಜಾನೆ ಚಹಾ ಕುಡಿದು ಶಂಕ್ರವ್ವ ಪಡಸಾಲೆಯ ಕುರ್ಚಿಯಲ್ಲಿ ಕೂತು ಒಂದು ಚೌಕ ಹೊಲಿದಳು. ಧೋತರದ ತುಂಡು ಕೆಳಗೆ, ನಡುವೆ ಎರಡು ಪದರ ಹಳೆ ಸೀರೆ, ಮೇಲೆ ಹಸಿರು, ಹಳದಿ, ಕೆಂಪು ತೇಪೆ. ಅಂಚಿನಿಂದ ಶುರುವಾಗಿ ಸುತ್ತಿ ಸುತ್ತಿ ನಡುವಿಗೆ ಬರುವ ಸಾಲು ಹೊಲಿಗೆ. ಊಟದ ಹೊತ್ತಿಗೆ ಮುಗಿಯಿತು. ಮೊಣಕಾಲು ಚಕಾರ ಎತ್ತಲಿಲ್ಲ. ಕೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. ಚಿಕ್ಕದಾದರೂ ಮುಗಿದ ವಸ್ತು. ಆಗಲೇ ಅವಳಿಗೆ ಹೊಳೆದದ್ದು, ಮುಗಿದ ಚೌಕ ಎಲ್ಲಿಂದ ಬೇಕಾದರೂ ಬರಬಹುದು ಎಂದು. ಫೋನು ಎತ್ತಿದಳು.

"ಕಾಶಿ, ಒಂದ ಕೌದಿ ಹೊಲಿಯೂಣು ಬಾರ ನಾವಿಬ್ಬರೂ."

"ಹುಚ್ಚ ಹಿಡದೈತೇನ ನಿನಗ? ನೀ ಕಾಳಿ ಹೊಳಿ ದಂಡಿ ಮ್ಯಾಲ, ನಾ ಇಲ್ಲಿ. ಸೂಜಿ ಏನ ಬಸ್ ಹತ್ತಿ ಬರತೈತಿ?"

"ಸೂಜಿ ಬ್ಯಾಡ, ಚೌಕ ಬರಲಿ." ಶಂಕ್ರವ್ವ ಎಲ್ಲವನ್ನೂ ವಿವರಿಸಿದಳು. ಇಪ್ಪತ್ತು ಚೌಕ. ಹತ್ತು ನಂದು, ಹತ್ತು ನಿಂದು. ಜೋಡಿಸೂದು ನಾನು.

ಆ ಕಡೆಯಿಂದ ತುಸು ಹೊತ್ತು ಸದ್ದಿಲ್ಲ.

"ಯಾಕ, ಬ್ಯಾಸರೇನ?"

"ಬ್ಯಾಸರ್ಯಾಕ. ಸಹನಾನ ಕೂಸಿಗಿ ನಾ ಹೊಲೀಲಿಕ್ಕಂದ್ರ ಯಾರ ಹೊಲೀಬೇಕು? ಎಷ್ಟ ದೊಡ್ಡದಿರಲಿ?"

"ಈ ಕಡೆ ಒಂದ ಗೇಣು, ಆ ಕಡೆ ಒಂದ ಗೇಣು."

ಪಕ್ಕದಲ್ಲಿದ್ದ ಸಹನಾ ಕೈ ಬೀಸಿದಳು. "ಆಯಿ, ಗೇಣು ಬ್ಯಾಡ, ಟೇಪ್ ಹಿಡದ ಇಂಚ್ ಹೇಳು."

"ನಿಮ್ಮ ಟೇಪ್ ನೀವ ಇಟ್ಕೋರಿ," ಎಂದಳು ಶಂಕ್ರವ್ವ. "ನನ್ನ ಗೇಣು, ಕಾಶಿ ಗೇಣು ಕೂದಲೆಳಿ ಫರಕಿಲ್ಲ. ಮೊದಲನೇ ಕೌದಿ ಹೊಲಿಯೂಮುಂದನ ಕೈಗೆ ಕೈ ಹಚ್ಚಿ ನೋಡೇವಿ."

ಅದು ಸುಳ್ಳೇನಲ್ಲ. ಆಗ ಇಬ್ಬರಿಗೂ ಇಪ್ಪತ್ತೆಂಟು ವರ್ಷ.

ಚೌಕ ತರುವ ಕೆಲಸ ಕಂಡಕ್ಟರ್ ಪುಂಡಲೀಕನ ಪಾಲಿಗೆ ಬಂತು. ಅವನು ಸೂಪಾದ ಆಚೆಗಿನ ಜೋಯಿಡಾ ಕಡೆಯವನು, ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಎಲ್ಲರ ಭಾಷೆ. ಹಳಿಯಾಳದ ಮೇಲೆ ಮುಂಡಗೋಡಿಗೆ ಹೋಗಿ ಬರುವ ಬಸ್ಸು ಅವನದು. ಲೋಕೇಶ ಗಂಟು ಕೊಟ್ಟರೆ ಅಂಬೇವಾಡಿಯ ತಿರುವಿನಲ್ಲಿ ಡ್ರೈವರನಿಗೆ ಹೇಳಿ ಎರಡು ಸಲ ಹಾರ್ನ್ ಹೊಡೆಸುತ್ತಿದ್ದ. ಸುನಂದಾ ಹೋಗಿ ಇಸಿದುಕೊಂಡು ಬರುತ್ತಿದ್ದಳು. ಮೊದಲ ಗಂಟು ಬಂದ ದಿನ ಜಡಿಮಳೆ.

"ಅಕ್ಕಾರ, ಬಸ್ ಸೋರಾಕತ್ತಿತ್ತರಿ. ಅಂಗಿ ಒಳಗ ಇಟ್ಕೊಂಡ ಬಂದೀನಿ," ಎಂದನಂತೆ. ಅವನ ಅಂಗಿಯ ಬೆನ್ನು ತೊಯ್ದು ಮೈಗೆ ಅಂಟಿತ್ತು, ಗಂಟು ಮಾತ್ರ ಬೆಚ್ಚಗೆ ಒಣಗಿತ್ತು ಎಂದು ಸುನಂದಾ ಬಂದು ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಮೊದಲಿನ ಬೇಸರ ಇರಲಿಲ್ಲವೆಂದು ಶಂಕ್ರವ್ವನಿಗೆ ಅನಿಸಿತು.

ಆ ಗಂಟಿನಲ್ಲಿ ಮೂರು ಚೌಕ ಇದ್ದವು. ಒಂದರಲ್ಲಿ ಕಾಲೊನಿಯ ಟೇಲರ್ ಕೊಟ್ಟ ಕೆಂಗಂದು ಬಣ್ಣದ ಮೆತ್ತನೆ ಬಟ್ಟೆ. ಹೊಲಿಗೆ ಮೊದಲಿನಂತೆಯೇ, ಜೀರಿಗೆ ಸಾಲು ಇಟ್ಟ ಹಾಗೆ. ಅಳತೆ ಅರ್ಧ ಬೆರಳು ಕಡಿಮೆ ಇದ್ದಂತಿತ್ತು. ಹೊಲಿಯುವಾಗ ಬಟ್ಟೆ ಸೆಳೆದಿರಬೇಕು ಎಂದುಕೊಂಡಳು.

ಎರಡನೆಯ ಗಂಟಿನಲ್ಲಿ ಮತ್ತೆ ಮೂರು. ಈ ಸಲ ಒಂದು ಬೆರಳು ಕಡಿಮೆ. ಶಂಕ್ರವ್ವ ಫೋನು ಹಚ್ಚಿದಳು.

"ಏನ ಕಾಶಿ, ಮುಂಡಗೋಡದಾಗ ಬಟ್ಟಿ ತುಟ್ಟಿ ಆಗ್ಯಾವೇನ? ಚೌಕ ಸಣ್ಣ ಸಣ್ಣ ಬರಾಕತ್ತಾವ."

"ನನ್ನ ಚೌಕ ಸಣ್ಣಲ್ಲ ತಗಿ. ಸೊಸಿ ಕೈ ಊಟಾ ಉಂಡ ಉಂಡ ನಿನ್ನ ಗೇಣ ದಪ್ಪ ಆಗೈತಿ," ಎಂದಳು ಕಾಶೆವ್ವ. ಇಬ್ಬರೂ ನಕ್ಕರು. ಶಂಕ್ರವ್ವ ಮುಂದೆ ಕೆದಕಲಿಲ್ಲ. ಮುಂದಿನವು ಸರಿಯಾಗಿ ಬರುತ್ತವೆ ಎಂದು ಬಿಟ್ಟಳು.

ಅಷ್ಟರಲ್ಲಿ ಸಹನಾ ಹೆತ್ತಳು. ಹೆಣ್ಣು ಕೂಸು. ತಲೆತುಂಬ ಕೂದಲು. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ನಿಶ್ಚಯವಾಯಿತು. ಉಳಿದ ನಾಲ್ಕು ಚೌಕ ಬಂದಾಗ ತೊಟ್ಟಿಲಿಗೆ ಐದೇ ದಿನ ಬಾಕಿ.

ಊಟದ ಟೇಬಲ್ ಖಾಲಿ ಮಾಡಿಸಿ ಶಂಕ್ರವ್ವ ಇಪ್ಪತ್ತನ್ನೂ ಸಾಲಾಗಿ ಇಟ್ಟಳು. ಸಾಲು ಕೂಡಲಿಲ್ಲ. ತನ್ನವು ಹತ್ತೂ ಒಂದಕ್ಕೊಂದು ಸರಿ. ಕಾಶೆವ್ವನವು ಒಂದಕ್ಕಿಂತ ಒಂದು ಗಿಡ್ಡ. ಕೊನೆಯ ನಾಲ್ಕು ಒಂದೂವರೆ ಬೆರಳು ಕಡಿಮೆ. ಅಕ್ಕಪಕ್ಕ ಇಟ್ಟರೆ ನಡುವೆ ಟೇಬಲಿನ ಕಟ್ಟಿಗೆ ಕಾಣುತ್ತಿತ್ತು.

ಮೊದಲು ಸಿಟ್ಟು ಬಂತು. ಎಂಥ ಕೆಲಸಗಾತಿ, ಹೀಗೆ ಮಾಡಿದಳಲ್ಲ! ಒಂದು ಚೌಕ ಎತ್ತಿಕೊಂಡು ಅದರ ಮೇಲೆ ತನ್ನ ಕೈ ಅಗಲಿಸಿದಳು. ಕಿರುಬೆರಳು ಹೊರಗೆ ಹೋಯಿತು. ಒಳಗೆ ಎಳೆದಳು. ಹೆಬ್ಬೆರಳನ್ನೂ ತುಸು ಮಡಚಿದಳು. ಇನ್ನೂ ತುಸು. ಬೆರಳುಗಳೆಲ್ಲ ಕೊಕ್ಕೆಯ ಹಾಗೆ ಬಾಗಿದಾಗ ಅಳತೆ ಸರಿಹೊಂದಿತು. ಹಾಗೆಯೇ ಕೈಯನ್ನು ಚೌಕದ ಮೇಲೆ ಇಟ್ಟುಕೊಂಡು ಕೂತಳು.

ಆಮೇಲೆ ಒಂದೊಂದೇ ನೆನಪಾಯಿತು. ವಿಡಿಯೋ ಕಾಲ್ ಮಾಡಿದಾಗಲೆಲ್ಲ ಕಾಶೆವ್ವನ ಬಲಗೈ ಸೆರಗಿನ ಒಳಗೇ ಇರುತ್ತಿತ್ತು. ಎಡಗೈಗೂ ಹಿಡಿತ ಸಾಲದೇನೋ, ಫೋನು ಹಿಡಿಯುತ್ತಿದ್ದವನು ಲೋಕೇಶ. 'ಎಷ್ಟ ದೊಡ್ಡದಿರಲಿ' ಎಂದು ಕೇಳುವ ಮುಂಚೆ ಅವಳು ಸುಮ್ಮನಾಗಿದ್ದಳು. ಆ ಕೈ ಬಿಚ್ಚುವುದನ್ನು ಬಿಟ್ಟಿದೆ. ದಿನದಿಂದ ದಿನಕ್ಕೆ ಇನ್ನಷ್ಟು ಮುದುಡುತ್ತಿದೆ. ಆ ಕೈಯಲ್ಲಿ, ಜೀರಿಗೆ ಸಾಲಿನಂಥ ಹೊಲಿಗೆ ಹತ್ತು ಚೌಕಕ್ಕೆ!

"ಅತ್ತೀ, ನಿಮ್ಮವನ್ನ ಸುತ್ತ ಕತ್ತರಿಸಿ ಸಣ್ಣ ಮಾಡ್ರಲ್ಲ," ಎಂದಳು ಸುನಂದಾ, ಟೇಬಲಿನ ಹತ್ತಿರ ಬಂದು.

"ಹೊಲದದ್ದನ್ನ ಕತ್ತರಿಸಿದ್ರ ದಾರ ಬಿಚ್ಚಿ ಬರತೈತವಾ."

"ಹಂಗಾದ್ರ ಕಾಶೆವ್ವಾರಿಗೆ ಫೋನ್ ಮಾಡಿ, ಆ ನಾಕನ್ನ ಮತ್ತೊಮ್ಮೆ ಹೊಲೀರಿ ಅಂತ..."

"ಬ್ಯಾಡ." ಶಂಕ್ರವ್ವ ತನ್ನ ಕೈಯನ್ನು ಮತ್ತೆ ಹಾಗೆ ಬಾಗಿಸಿ ಚೌಕದ ಮೇಲಿಟ್ಟು ತೋರಿಸಿದಳು. "ಆಕಿ ಗೇಣು ಈಗ ಇಷ್ಟ ಐತಿ."

ಸುನಂದಾ ನೋಡಿದಳು. ಒಳಗೆ ಹೋದಳು.

ಶಂಕ್ರವ್ವ ಲೆಕ್ಕ ಹಾಕಿದಳು. ಕಾಶಿಯ ಚೌಕಗಳಿಗೆ ಸುತ್ತ ಪಟ್ಟಿ ಹಚ್ಚಿದರೆ ಅಳತೆ ಸರಿಹೋಗುತ್ತದೆ. ಎರಡು ಪದರದ ಪಟ್ಟಿ, ನಡುವೆ ಧೋತರದ ಸೀಳು ಇಟ್ಟರೆ ದಪ್ಪವೂ ಸರಿ. ಆದರೆ ಹತ್ತಕ್ಕೆ ಮಾತ್ರ ಪಟ್ಟಿ ಇದ್ದರೆ ತೊಟ್ಟಿಲ ಕಾರ್ಯಕ್ಕೆ ಬಂದವರೆಲ್ಲ ಕೇಳುತ್ತಾರೆ, ಇದಕ್ಕ್ಯಾಕ ಐತಿ, ಅದಕ್ಕ್ಯಾಕ ಇಲ್ಲ ಎಂದು. ಕಾರ್ಯಕ್ಕೆ ಬರುತ್ತೇನೆಂದ ಕಾಶಿಯೂ ಅಲ್ಲೇ ಕೂತಿರುತ್ತಾಳೆ. ಹಾಗಾದರೆ ತನ್ನ ಹತ್ತಕ್ಕೂ ಹಚ್ಚಬೇಕು. ಕಾಶಿಯವಕ್ಕೆ ಹೊರಗೆ, ತನ್ನವಕ್ಕೆ ಅಂಚಿನ ಮೇಲೆಯೇ ಕೂರಿಸಿ. ಮೇಲಿಂದ ನೋಡಿದರೆ ಇಪ್ಪತ್ತೂ ಒಂದೇ. ಕೆಲಸ ಮಾತ್ರ ಎರಡು ಪಟ್ಟು, ದಿನ ಐದು. ಮೇಲಾಗಿ ಅಷ್ಟು ಉದ್ದದ, ಒಂದೇ ಬಣ್ಣದ ಪಟ್ಟಿಗೆ ಬಟ್ಟೆ ಎಲ್ಲಿದೆ? ಟ್ರಂಕಿನ ಸೀರೆಗಳ ಅಂಚು ಎಂದೋ ಸವೆದುಹೋಗಿದೆ.

ಸುನಂದಾ ಹೊರಗೆ ಬಂದಳು. ಕೈಯಲ್ಲಿ ಅವಳದೇ ಇಳಕಲ್ ಸೀರೆ, ಮದುವೆಯಾದ ಹೊಸತರಲ್ಲಿ ಉಡುತ್ತಿದ್ದದ್ದು. ಒಡಲು ಅಲ್ಲಲ್ಲಿ ಸವೆದು ಪಿಸಿದಿತ್ತು, ಅಂಚು ಮಾತ್ರ ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಗಟ್ಟಿಯಾಗಿತ್ತು. ಕತ್ತರಿಯನ್ನೂ ತಂದಿದ್ದಳು.

"ಎಷ್ಟ ಅಗಲ ಬೇಕ ಹೇಳ್ರಿ. ನನಗ ಹೊಲ್ಯಾಕ ಬರೂದಿಲ್ಲ, ಕತ್ತರಸಾಕ ಬರತೈತಿ."

"ಸೀರಿ ಹಾಳ ಆಕ್ಕೇತಲ್ಲವಾ."

"ಪೆಟ್ಟಿಗ್ಯಾಗ ಇಟ್ಟ ಏನ ಮಾಡ್ಲಿ? ನನ್ನ ಮೊಮ್ಮಗಳ ಮಲಗ್ತಾಳ ಬಿಡ್ರಿ."

ಹುಬ್ಬಳ್ಳಿಯ ಗಾದಿಯ ಮಾತು ಆ ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ. ಸುನಂದಾ ಕತ್ತರಿಸಿ ಇಸ್ತ್ರಿ ಹಾಕಿ ಕೊಟ್ಟಳು, ಶಂಕ್ರವ್ವ ಹೊಲಿದಳು. ಟೇಬಲ್ ಕೌದಿಯ ಪಾಲಾದ ಕಾರಣ ಮನೆಮಂದಿ ನೆಲಕ್ಕೆ ಕೂತು ಉಂಡರು. ಬಾಣಂತಿ ಕೋಣೆಯಿಂದ ಸಹನಾ ಗಳಿಗೆಗೊಮ್ಮೆ, "ಎಷ್ಟ ಆತು ಆಯಿ?" ಎಂದು ಕೂಗುತ್ತಿದ್ದಳು. "ಕೂಸಿಗಿ ಹಾಲ ಕುಡಸವಾ, ನನ್ನ ತಲಿ ತಿನಬ್ಯಾಡ," ಎಂದು ಇವಳು ಕೂಗುತ್ತಿದ್ದಳು. ಬಹಳ ವರ್ಷದ ಮೇಲೆ ಶಂಕ್ರವ್ವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ತೊಟ್ಟಿಲಿನ ಹಿಂದಿನ ದಿನ ನಡುಮಧ್ಯಾಹ್ನ ಕೊನೆಯ ಎರಡು ಸಾಲು ಜೋಡಿಸುವುದು ಉಳಿದಿತ್ತು. ತಿರುವಿನಲ್ಲಿ ಎರಡು ಹಾರ್ನ್ ಕೇಳಿತು. ಇನ್ನಾವ ಗಂಟು ಬರಬೇಕಿತ್ತು ಎಂದು ಸುನಂದಾ ಬಾಗಿಲಿಗೆ ಹೋಗಿ ನೋಡಿ, ಹಾಗೆಯೇ ಓಡಿದಳು. ಪುಂಡಲೀಕ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಾಶೆವ್ವನ ಮೊಣಕೈ ಹಿಡಿದು ಗೇಟಿನ ತನಕ ನಡೆಸಿಕೊಂಡು ಬರುತ್ತಿದ್ದ. ಬಸ್ಸಿನ ಮಂದಿ ಕಿಟಕಿಯಿಂದ ನೋಡುತ್ತಿದ್ದರು. ಒಬ್ಬರೂ ಅವಸರ ಮಾಡಲಿಲ್ಲ.

"ಈ ಸಲ ಗಂಟು ಸ್ವಲ್ಪ ದೊಡ್ಡದೈತ್ರಿ ಅಕ್ಕಾರ," ಎಂದ ಪುಂಡಲೀಕ.

"ನೀ ಸುಮ್ನ ಹೋಗಪಾ, ನಿನ್ನ ಬಸ್ ಓಡಿ ಹೋದೀತು," ಎಂದಳು ಕಾಶೆವ್ವ.

ಒಳಗೆ ಬಂದವಳೇ ಚಪ್ಪಲಿ ಬಿಟ್ಟು, ನೀರೂ ಕುಡಿಯದೆ, ಟೇಬಲಿನ ಹತ್ತಿರ ಹೋದಳು. "ನಾಳೆ ಬರ್ತೇನಿ ಅಂದಾಕಿ," ಎಂದಳು ಶಂಕ್ರವ್ವ, ಸೂಜಿ ಕೈಯಲ್ಲೇ ಇತ್ತು.

"ತಡೀಲಿಲ್ಲ, ಬಂದೆ."

ಕಾಶೆವ್ವ ಕೌದಿಯನ್ನು ನೋಡಿದಳು. ಹಸಿರು, ಹಳದಿ, ಕೆಂಗಂದು, ಎಲ್ಲದರ ಸುತ್ತ ಕೆಂಪು ಅಂಚು. ಮುಖ ಅರಳಿತು. ಆದರೆ ಕೌದಿ ಬಲ್ಲವರು ಮೇಲ್ಮೈಗೆ ಮರುಳಾಗುವುದಿಲ್ಲ, ಬೆನ್ನು ತಿರುವಿ ನೋಡುತ್ತಾರೆ. ಅವಳೂ ಮುಂಗೈಯಿಂದ ಒಂದು ಮೂಲೆ ಎತ್ತಿ ತಿರುವಿದಳು. ಬೆನ್ನಿನಲ್ಲಿ ಪಟ್ಟಿಯ ಹೊಲಿಗೆ ಎಲ್ಲೆಲ್ಲಿ ಓಡಿದೆ ಎಂಬುದು ಕನ್ನಡಿಯ ಹಾಗೆ ಸ್ಪಷ್ಟ. ತನ್ನವಕ್ಕೆ ಹೊರಗೆ, ಶಂಕ್ರಿಯವಕ್ಕೆ ಮೇಲೆ. ಅವಳ ಬಾಗಿದ ಬೆರಳು ಒಂದು ಚೌಕದಿಂದ ಇನ್ನೊಂದಕ್ಕೆ ಸರಿಯಿತು, ಮತ್ತೆ ಹಿಂದೆ ಬಂತು.

"ಪಟ್ಟಿ ಹಚ್ಚೀದಿ," ಎಂದಳು.

"ಹೂಂ. ಚಂದ ಕಾಣಲಿ ಅಂತ."

"ಎಲ್ಲಾದಕ್ಕೂ ಹಚ್ಚೀದಿ."

"ಎಲ್ಲಾದಕ್ಕೂ."

ಕಾಶೆವ್ವ ಮೂಲೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಅರವತ್ತೊಂಬತ್ತ ವರ್ಷ ಆತು, ಸುಳ್ಳ ಹೇಳೂದ ಒಂದ ಕಲೀಲಿಲ್ಲ ನೀ."

"ನೀ ಕಲತೀ ಅಲ್ಲ. ನನ್ನ ಗೇಣ ದಪ್ಪ ಆಗೈತಿ ಅಂತ."

ಕಾಶೆವ್ವ ಮೊದಲು ಕಣ್ಣೊರೆಸಿಕೊಂಡಳು, ಆಮೇಲೆ ನಕ್ಕಳು, ಆಮೇಲೆ ಕುರ್ಚಿ ಎಳೆದು ಕೂತಳು. ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಟೇಬಲಿನ ಮೇಲೆ, ಎಲ್ಲರಿಗೂ ಕಾಣುವಂತೆ, ಇಟ್ಟಳು. "ಸೂಜಿ ಹಿಡಿಯೂದು ಇನ್ನ ಮುಂದ ಆಗೂದಿಲ್ಲ ಅಂದಾರ. ಇವ ಹತ್ತ ಕಡೀವು. ನೀ ಹೊಲಿ, ನಾ ಬಟ್ಟಿ ಬಿಗೀ ಹಿಡೀತೇನಿ."

ಶಂಕ್ರವ್ವ ಸೂಜಿಗೆ ದಾರ ಪೋಣಿಸಿದಳು. ಕಾಶೆವ್ವ ಮುಂಗೈಯನ್ನು ಕೌದಿಯ ಮೇಲೆ ಒತ್ತಿ ಹಿಡಿದಳು. ಬಟ್ಟೆ ಹೇಗೆ ಬೇಕೋ ಹಾಗೆ ಬಿಗಿಯಾಯಿತು. ಸೂಜಿ ಸಲೀಸಾಗಿ ಓಡಿತು. ಮುಂಡಗೋಡಿನ ಸೆಕೆ, ಲೋಕೇಶನ ಹೆಂಡತಿಯ ಉಪ್ಪಿನಕಾಯಿ, ಕೂಸಿನ ಮೂಗು ಯಾರ ಹಾಗಿದೆ, ಹೀಗೆ ಮಾತು ಎಲ್ಲೆಲ್ಲಿಗೋ ಹೋಗಿ ಬಂತು. ಬಿಸಿಲು ಕಿಟಕಿಯಿಂದ ಗೋಡೆಗೆ ಏರುವ ಹೊತ್ತಿಗೆ ಶಂಕ್ರವ್ವ ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ಸುನಂದಾ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಗಳಿಗೆ ತೋರಿಸಲು ಒಳಗೆ ಹೋದಳು. ಅಲ್ಲಿಂದ ಸಹನಾಳ ಕೂಗು, ಹಿಂದೆಯೇ ಎಚ್ಚರಾದ ಕೂಸಿನ ಅಳು ಕೇಳಿಸಿತು.

ಶಂಕ್ರವ್ವ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಬೆನ್ನು ನೋಯುತ್ತಿತ್ತು, ಮನಸ್ಸು ತಿಳಿಯಾಗಿತ್ತು. ಅಡಿಗೆ ಮನೆಯಲ್ಲಿ ಪಾತ್ರೆಯ ಸದ್ದಾಯಿತು. ಕಣ್ಣು ತೆರೆದಾಗ ಕಾಶೆವ್ವ ಎದುರಿಗೆ ನಿಂತಿದ್ದಳು. ಮುಂಜಾನೆಯಿಂದ ಇವಳು ಉಂಡಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎರಡು ಮುಂಗೈಗಳ ನಡುವೆ ತಾಟು ಹಿಡಿದಿದ್ದಳು. ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ, ಒಂದು ಬದಿಗೆ ಮೊಸರು. ಮೊಸರು ಅಲುಗದ ಹಾಗೆ ನಿಧಾನವಾಗಿ ಬಗ್ಗಿ, ತಾಟನ್ನು ಶಂಕ್ರವ್ವನ ಕೈಗೆ ಕೊಟ್ಟಳು.